ಅಲೈನ್‌ಮೆಂಟ್ ಮಾಡಿಸಿದರೂ ಪಿಕಪ್ ನಡುಗುವುದೇಕೆ?

ಪ್ರಶ್ನೆ: ತರಕಾರಿ ಸಾಗಿಸುವ ನಮ್ಮ ಪಿಕಪ್‌ನ ಸ್ಟೇರಿಂಗ್ 65 ಕಿ.ಮೀ. ವೇಗ ದಾಟಿದ ಮೇಲೆ ನಡುಗಲು ತೊಡಗಿ, 75–80ರಲ್ಲಿ ಜೋರಾಗುತ್ತದೆ. ಲೋಡ್ ಇಳಿಸಿ ಖಾಲಿ ಬರುವಾಗ ಸೀಟಿನ ಕೆಳಗೂ ಗುಂಯ್‌ಗುಡುತ್ತದೆ. ಎರಡು ಸಲ ಅಲೈನ್‌ಮೆಂಟ್ ಮಾಡಿಸಿದರೂ ಗುಣ ಕಂಡಿಲ್ಲ. ದೋಷ ಎಲ್ಲಿರಬಹುದು?

ಉತ್ತರ: ಅಲೈನ್‌ಮೆಂಟ್ ಎಂಬುದು ಚಕ್ರಗಳು ರಸ್ತೆಗೆ ಯಾವ ಕೋನದಲ್ಲಿ ನಿಲ್ಲಬೇಕೆಂಬುದರ ಹೊಂದಾಣಿಕೆ. ಅದು ತಪ್ಪಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ, ಟೈರಿನ ಒಂದಂಚು ಬೇಗ ಸವೆಯುತ್ತದೆ. ಒಂದು ವೇಗ ಮುಟ್ಟಿದಾಗ ಮಾತ್ರ ಹುಟ್ಟುವ ನಡುಕ ಸಾಮಾನ್ಯವಾಗಿ ಅದರಿಂದ ಬರುವುದಿಲ್ಲ. ಅಂಥ ನಡುಕವಿದ್ದರೆ ತಿರುಗುವ ಯಾವುದೋ ಭಾಗದ ತೂಕ ಒಂದು ಕಡೆಗೆ ವಾಲಿದೆ, ಇಲ್ಲವೇ ಅದರ ದುಂಡಗಿನ ಆಕಾರ ಕೆಟ್ಟಿದೆ ಎಂದು ತಿಳಿಯಬೇಕು. ನೀವು ಬರೆದಿರುವುದನ್ನು ನೋಡಿದರೆ ಇಲ್ಲಿ ದೋಷ ಒಂದಲ್ಲ, ಎರಡು ಎಂದು ನನಗನಿಸುತ್ತದೆ: ಸ್ಟೇರಿಂಗ್ ನಡುಗುವುದು ಹೆಚ್ಚಾಗಿ ಮುಂದಿನ ಚಕ್ರಗಳಿಂದ, ಸೀಟಿನ ಕೆಳಗಿನ ಸದ್ದು ಹಿಂದಿನಿಂದ.

ನಿಮ್ಮ ಗಾಡಿಯಲ್ಲಿ 215/75 ಆರ್ 15 ಅಳತೆಯ ಟೈರು ಇದೆಯೆಂದುಕೊಳ್ಳೋಣ. ಅದರ ಅಡ್ಡಳತೆ ಸುಮಾರು 70 ಸೆಂ.ಮೀ.; 80 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಹತ್ತು ಸುತ್ತು ತಿರುಗುತ್ತದೆ. ಟೈರು ಕೂರುವ ಲೋಹದ ಚಕ್ರದ, ಅಂದರೆ ಡಿಸ್ಕಿನ, ಅಂಚಿನಲ್ಲಿ 30 ಗ್ರಾಂ ತೂಕ ಹೆಚ್ಚಿದ್ದರೆ ಆ ವೇಗದಲ್ಲಿ ಅದು ಎರಡು ಕಿಲೋಗೂ ಮಿಕ್ಕಿದ ಬಲದಿಂದ, ಸೆಕೆಂಡಿಗೆ ಹತ್ತು ಸಲ ಚಕ್ರವನ್ನು ಎಳೆದಾಡುತ್ತದೆ. ವೇಗ ಅರ್ಧವಾದರೆ ಈ ಬಲ ಕಾಲು ಭಾಗಕ್ಕೆ ಇಳಿಯುವುದರಿಂದಲೇ 40ರಲ್ಲಿ ನಿಮಗೆ ಏನೂ ತಿಳಿಯುವುದಿಲ್ಲ.

ಹಾಗೆಂದು ನೇರವಾಗಿ ಬ್ಯಾಲೆನ್ಸಿಂಗ್‌ಗೆ, ಅಂದರೆ ಡಿಸ್ಕಿಗೆ ಸಣ್ಣ ತೂಕ ಬಡಿದು ಚಕ್ರದ ತೂಕ ಸುತ್ತಲೂ ಸಮ ಮಾಡಿಸಲು, ಓಡಬೇಡಿ. ಮೊದಲು ಡಿಸ್ಕಿನ ಒಳಭಾಗವನ್ನು ತೊಳೆಯಿರಿ. ತೋಟದ ದಾರಿಯ ಕೆಸರು ಅಲ್ಲಿ ಒಂದೇ ಕಡೆ ಕಟ್ಟಿ ಒಣಗಿದರೆ ಅದೇ 30 ಗ್ರಾಂ ಮೀರುತ್ತದೆ, ಮತ್ತು ಈ ಚಿಕಿತ್ಸೆಗೆ ಖರ್ಚಿಲ್ಲ. ಆಮೇಲೆ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಮುಂದಿನ ಚಕ್ರವನ್ನು ಜಾಕ್ ಹಾಕಿ ಎತ್ತಿ, ಟೈರಿನ ಮುಂದೆ ನೆಲದ ಮೇಲೆ ಒಂದು ಇಟ್ಟಿಗೆಯಿಟ್ಟು, ಅದರ ಮೇಲೆ ಒಂದು ಕಡ್ಡಿಯನ್ನು ಟೈರಿಗೆ ತಾಕೀತೋ ತಾಕದೋ ಎನ್ನುವಷ್ಟು ಹತ್ತಿರ ಇರಿಸಿ, ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ. ಟೈರು ದುಂಡಗಿದ್ದರೆ ನಡುವಿನ ಸಂದು ಒಂದೇ ಸಮ ಇರುತ್ತದೆ. ಉಬ್ಬಿದ್ದರೆ ಒಂದು ಜಾಗದಲ್ಲಿ ಕಡ್ಡಿ ಸರ್ರೆಂದು ಉಜ್ಜುತ್ತದೆ. ಅದೇ ಕಡ್ಡಿಯನ್ನು ಡಿಸ್ಕಿನ ಅಂಚಿಗೆ ಹಿಡಿದರೆ ಗುಂಡಿಗೆ ಬಿದ್ದು ಬಾಗಿದ ಡಿಸ್ಕ್ ಕೂಡ ಸಿಕ್ಕಿಬೀಳುತ್ತದೆ. ಟೈರು ಉಬ್ಬಿದ್ದರೆ ಒಳಗಿನ ಪದರ ಬಿಟ್ಟಿದೆಯೆಂದು ತಿಳಿದು ಅದನ್ನು ತೆಗೆದುಹಾಕಿ; ಯಾವ ಬ್ಯಾಲೆನ್ಸಿಂಗ್ ಯಂತ್ರವೂ ಅದನ್ನು ಸರಿಪಡಿಸಲಾರದು. ಚಕ್ರ ಮೇಲಿರುವಾಗಲೇ ಮೇಲೂ ಕೆಳಗೂ ಹಿಡಿದು ಅಲುಗಿಸಿ ನೋಡಿ, ಸಡಿಲವಾಗಿ ಅಲುಗಿದರೆ ಬೇರಿಂಗ್ ಅಥವಾ ಚಕ್ರ ಅತ್ತಿತ್ತ ಹೊರಳಲು ಬಿಡುವ ಬಾಲ್ ಜಾಯಿಂಟ್ ಸವೆದಿರುತ್ತದೆ.

ಆಕಾರ ಸರಿಯಿದ್ದರೆ ಆಗ ಬ್ಯಾಲೆನ್ಸಿಂಗ್. ಸೀಸದ ತುಂಡು ಬಡಿದ ಮೇಲೆ ಚಕ್ರವನ್ನು ಯಂತ್ರದಿಂದ ಇಳಿಸಿ, ಮತ್ತೆ ಕೂರಿಸಿ, ಇನ್ನೊಮ್ಮೆ ತಿರುಗಿಸಲು ಹೇಳಿ. ಆಗಲೂ ಸೊನ್ನೆ ಬಾರದಿದ್ದರೆ ಚಕ್ರ ಯಂತ್ರದ ಮೇಲೆ ನಡುಮಧ್ಯಕ್ಕೆ ಕೂತಿಲ್ಲ. ಪಂಕ್ಚರ್ ಆಗದಿರಲೆಂದು ಟ್ಯೂಬ್‌ಲೆಸ್ ಟೈರಿನೊಳಗೆ ದ್ರವ ಸುರಿಸಿದ್ದರೆ ಬ್ಯಾಲೆನ್ಸ್ ನಿಲ್ಲುವುದೇ ಕಷ್ಟ. ಪಂಕ್ಚರ್ ಅಂಗಡಿಯಲ್ಲಿ ಟೈರನ್ನು ಡಿಸ್ಕಿನಿಂದ ಬಿಚ್ಚುವ ಮೊದಲು ವಾಲ್ವ್‌ನ ನೇರಕ್ಕೆ ಸೀಮೆಸುಣ್ಣದ ಗೀಟು ಎಳೆದು, ಮತ್ತೆ ಅದೇ ಗೀಟಿಗೆ ಕೂರಿಸುವಂತೆ ನೋಡಿಕೊಳ್ಳಿ. ನಾಲ್ಕು ವರ್ಷ ಗಾಡಿ ಓಡಿಸಿದವರೂ ಇದನ್ನು ಮಾಡುವುದು ನಾನು ಕಂಡದ್ದು ಅಪರೂಪ. ಇನ್ನು ನಡುಕ ಬ್ರೇಕ್ ಒತ್ತಿದಾಗ ಮಾತ್ರ ಬರುತ್ತಿದ್ದರೆ ಅದು ಟೈರಿನ ಮಾತಲ್ಲ, ಬ್ರೇಕ್ ಡಿಸ್ಕ್ ಅಥವಾ ಡ್ರಮ್ಮಿನದು.

ಈಗ ಸೀಟಿನ ಕೆಳಗಿನ ಸದ್ದು. ಖಾಲಿಯಾದಾಗಲೂ ಹಿಂದಿನ ಟೈರುಗಳಲ್ಲಿ ಲೋಡಿಗೆ ಹಿಡಿಸಿದಷ್ಟೇ ಗಾಳಿಯಿದ್ದರೆ ಅವು ಕಲ್ಲಿನಂತಾಗಿ ಸಣ್ಣ ಅದುರನ್ನೂ ಮೇಲಕ್ಕೆ ಕಳಿಸುತ್ತವೆ. ಕಂಪನಿ ಖಾಲಿ ಗಾಡಿಗೆ ಹೇಳಿರುವ ಒತ್ತಡಕ್ಕೆ ಇಳಿಸಿ ನೋಡಿ. ಅದರಿಂದ ಹೋಗದಿದ್ದರೆ ನನ್ನ ಅನುಮಾನ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದ ದಂಡ, ಅಂದರೆ ಜಾಯಿಂಟ್ ಶಾಫ್ಟ್ ಮೇಲೆ. ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಇದು ಸುಮಾರು ನಾಲ್ಕು ಸುತ್ತು ತಿರುಗುವುದರಿಂದ ಅದರ ದೋಷ ಕೈಗೆ ತಿಳಿಯುವ ನಡುಕಕ್ಕಿಂತ ಗುಂಯ್‌ಗುಡುವ ಸದ್ದಾಗಿಯೇ ಬರುತ್ತದೆ. ಲೋಡ್ ಇಳಿದೊಡನೆ ಪಟ್ಟಾಗಳು (ಹಿಂದಿನ ಸ್ಪ್ರಿಂಗ್ ಪಟ್ಟಿಗಳು) ಗಾಡಿಯ ಹಿಂಭಾಗವನ್ನು ಮೇಲೆತ್ತುತ್ತವೆ, ಶಾಫ್ಟಿನ ಕೋನ ಬದಲಾಗುತ್ತದೆ, ಶಾಫ್ಟಿನ ತುದಿಗಳು ಬಾಗಲು ಬಿಡುವ ಕೀಲು, ಅಂದರೆ ಕ್ರಾಸ್, ಅಥವಾ ಶಾಫ್ಟಿನ ನಡುವೆ ಆಧಾರವಾಗಿರುವ ಸೆಂಟರ್ ಬೇರಿಂಗ್ ಸವೆದಿದ್ದರೆ ಆಗ ಬಾಯಿಬಿಡುತ್ತದೆ. ಖಾಲಿ ರಸ್ತೆಯಲ್ಲಿ ಅದೇ ವೇಗದಲ್ಲಿ ಕ್ಲಚ್ ಒತ್ತಿ ಒಂದು ಕ್ಷಣ ಗಮನಿಸಿ: ಸದ್ದು ಹಾಗೆಯೇ ಉಳಿದರೆ ಎಂಜಿನ್ ನಿರ್ದೋಷಿ. ಕ್ರಾಸ್ ಬದಲಿಸಲು ಶಾಫ್ಟ್ ಬಿಚ್ಚುವುದಾದರೆ, ಬಿಚ್ಚುವ ಮುನ್ನ ಎರಡೂ ತುದಿಯ ಜೋಡಣೆಗಳ ಮೇಲೆ ಪೇಂಟಿನಿಂದ ಗುರುತು ಹಾಕಿಸಿ. ಶಾಫ್ಟ್ ತನ್ನ ಹಳೆಯ ಜಾಗಕ್ಕೇ ಕೂರದಿದ್ದರೆ ಹೊಸ ಕ್ರಾಸ್ ಹಾಕಿದ ಗಾಡಿ ಮೊದಲಿಗಿಂತ ಹೆಚ್ಚು ನಡುಗುವುದೂ ಉಂಟು.