ಎರಡು ತರಗತಿ, ಒಂದು ಪ್ರಾಜೆಕ್ಟ್: ಹೊಂದಿಸುವುದು ಹೇಗೆ?

ಪ್ರಶ್ನೆ: ನಾನು ಪತ್ರಿಕೋದ್ಯಮ ಎಂ.ಎ. ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಈ ಸೆಮಿಸ್ಟರ್‌ನಲ್ಲಿ ಇತಿಹಾಸ ವಿಭಾಗದ ಜೊತೆ ಸೇರಿ ವಿಡಿಯೊ, ಆಡಿಯೊ, ಫೋಟೊ, ಬರಹ ಎಲ್ಲ ಇರುವ ಒಂದು ಮಲ್ಟಿಮೀಡಿಯಾ ಪ್ರಾಜೆಕ್ಟ್ ಮಾಡಿಸಬೇಕು ಅಂದುಕೊಂಡಿದ್ದೇವೆ. ಎರಡೂ ತರಗತಿ ಸೇರಿದರೆ ನಲವತ್ತು ಜನ. ಸಂಶೋಧನೆ ಅವರದು, ಶೂಟಿಂಗ್ ನಮ್ಮದು ಅಂತ ಹಂಚಿಕೊಂಡರೆ ಸಾಕಲ್ವಾ?

ಸಾಲದು. ನಾವು ಮೊದಲ ಸಲ ಮಾಡಿದ್ದೂ ಇದನ್ನೇ, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ನಮ್ಮ ವಿಷಯ ಚನ್ನಪಟ್ಟಣದ ಗೊಂಬೆಗಳು. ಇತಿಹಾಸದ ಮಕ್ಕಳು ಮೊದಲು ಹೋಗಿ ಕುಶಲಕರ್ಮಿಗಳನ್ನು ಮಾತಾಡಿಸಿ, ಓದಿ, ಒಂದು ಒಳ್ಳೆಯ ವರದಿ ಬರೆದುಕೊಟ್ಟರು. ಮೂರು ವಾರದ ನಂತರ ಪತ್ರಿಕೋದ್ಯಮದ ಮಕ್ಕಳು ಕ್ಯಾಮೆರಾ ಹಿಡಿದು ಹೊರಟರು. ಆ ವರದಿಯನ್ನು ಹೆಚ್ಚಿನವರು ತೆರೆದು ನೋಡಿದ್ದು ಬಸ್ಸಿನಲ್ಲಿ. ಅಲ್ಲಿ ಹೋಗಿ ಕೇಳಿದ್ದು ಮತ್ತೆ ಅದೇ ಪ್ರಶ್ನೆಗಳನ್ನು. 'ಇದನ್ನೆಲ್ಲ ಆವತ್ತೇ ಹೇಳಿದ್ನಲ್ಲಮ್ಮ' ಎಂದರು ಅಲ್ಲಿದ್ದ ಹಿರಿಯರು. ಹಾಗಂದರೂ ಮರ ಕಡೆಯುವ ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡು, ಮತ್ತೊಮ್ಮೆ ಮೊದಲಿಂದ ಹೇಳಿದರು. ಅವರದು ಪೀಸ್ ಲೆಕ್ಕದ ದುಡಿಮೆ. ಯಂತ್ರ ನಿಂತರೆ ಆ ಹೊತ್ತಿನ ಸಂಪಾದನೆಯೂ ನಿಂತ ಹಾಗೆ. ಆ ತಪ್ಪು ಮಕ್ಕಳದ್ದಲ್ಲ, ಯೋಜನೆ ಹಾಕಿದ ನಮ್ಮದು.

ಆದ್ದರಿಂದ ಕೆಲಸವನ್ನು ವಿಭಾಗದ ಪ್ರಕಾರ ಹಂಚಬೇಡಿ. ಮೊದಲ ದಿನವೇ ಎರಡೂ ತರಗತಿಯನ್ನು ಬೆರೆಸಿ. ನಾಲ್ಕು ಜನರ ತಂಡ, ಇಬ್ಬರು ಅಲ್ಲಿಯವರು, ಇಬ್ಬರು ಇಲ್ಲಿಯವರು. ಹೋಗುವುದೂ ಒಟ್ಟಿಗೆ, ಕೇಳುವುದೂ ಒಟ್ಟಿಗೆ. ವಾಪಸ್ ಬಂದ ಸಂಜೆ ನಾಲ್ವರೂ ಕೂತು ರೆಕಾರ್ಡಿಂಗ್ ಪೂರ್ತಿ ಕೇಳಬೇಕು. ಯಾವ ಮಾತು ಮುಖ್ಯ ಅಂತ ಇತಿಹಾಸದ ಹುಡುಗಿಗೆ ಗೊತ್ತಾಗುತ್ತದೆ. ಆ ಮಾತು ಕಿವಿಗೆ ಸರಿಯಾಗಿ ಬೀಳುತ್ತಿದೆಯಾ ಅಂತ ಪತ್ರಿಕೋದ್ಯಮದ ಹುಡುಗನಿಗೆ ಗೊತ್ತಾಗುತ್ತದೆ.

ಹೀಗೆ ಬೆರೆತಾಗ ಜಗಳವೂ ಆಗುತ್ತದೆ. ಆಗಲಿ. ಚನ್ನಪಟ್ಟಣದ ಬಗ್ಗೆ ಎಲ್ಲರೂ ಹೇಳುವ ಕಥೆ ಒಂದಿದೆ. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದ, ಅಲ್ಲಿಂದ ಈ ಕಲೆ ಶುರುವಾಯಿತು ಎಂಬುದು. ಎರಡನೇ ವರ್ಷ ನಮ್ಮ ಒಂದು ತಂಡದ ಸ್ಕ್ರಿಪ್ಟ್‌ನ ಮೊದಲ ಸಾಲೇ ಅದು. 'ದಾಖಲೆ ಎಲ್ಲಿದೆ?' ಎಂದು ಇತಿಹಾಸದ ವಿದ್ಯಾರ್ಥಿನಿ ಕೇಳಿದಳು. 'ನಾಳೆ ಬೆಳಿಗ್ಗೆ ವಾಯ್ಸ್ ಓವರ್ ಇದೆ, ಈಗ ಕೇಳಿದರೆ ಹೇಗೆ?' ಎಂದ ಪತ್ರಿಕೋದ್ಯಮದವನು. ಇಬ್ಬರೂ ಹೇಳುತ್ತಿದ್ದುದು ಸರಿ. ಕೊನೆಗೆ ಆ ಸಾಲು 'ಟಿಪ್ಪು ಕಾಲದಿಂದ ಬಂದ ಕಲೆ ಎಂದು ಊರಿನವರು ಹೇಳುತ್ತಾರೆ' ಎಂದಾಯಿತು. ಮೂರು ಪದ ಸೇರಿಸಿದ್ದಕ್ಕೆ ವಿಡಿಯೊ ಏನೂ ಸೊರಗಲಿಲ್ಲ. ಅವನು ಮುಂದಿನ ಸ್ಕ್ರಿಪ್ಟ್‌ಗಳಲ್ಲಿ ತಾನೇ ಈ ಪ್ರಶ್ನೆ ಕೇಳಲು ಶುರು ಮಾಡಿದ. ಎರಡು ತರಗತಿ ಸೇರಿಸುವುದು ಇದಕ್ಕೇ ಅಂತ ನನ್ನ ನಂಬಿಕೆ. ಬರೀ ಕ್ಯಾಮೆರಾ ಹಂಚಿಕೊಳ್ಳಲು ಇಷ್ಟೆಲ್ಲ ಕಷ್ಟ ಬೇಕಿಲ್ಲ.

ಇದೆಲ್ಲಕ್ಕೂ ಮೊದಲು ನೀವಿಬ್ಬರು ಶಿಕ್ಷಕರು ಒಂದು ಮಧ್ಯಾಹ್ನ ಕೂತು ಅಂಕದ ಮಾತು ಮುಗಿಸಿಕೊಳ್ಳಿ. ಒಂದು ತರಗತಿಗೆ ಈ ಪ್ರಾಜೆಕ್ಟ್‌ಗೆ 20 ಅಂಕ, ಇನ್ನೊಂದಕ್ಕೆ 5 ಅಂಕ ಅಂತಿದ್ದರೆ ತಂಡ ನಿಲ್ಲುವುದಿಲ್ಲ. 5 ಅಂಕದವನು 5 ಅಂಕದಷ್ಟೇ ಕೆಲಸ ಮಾಡುತ್ತಾನೆ. ಅವನಿಗೂ ಬೇರೆ ಪೇಪರ್‌ಗಳಿವೆ, ಬೈಯುವ ಹಾಗಿಲ್ಲ. ಇಬ್ಬರಿಗೂ ಒಂದೇ ತೂಕ ಇರಲಿ. ಅರ್ಧ ಅಂಕ ತಂಡದ ಕೆಲಸಕ್ಕೆ, ಇನ್ನರ್ಧ ಪ್ರತಿಯೊಬ್ಬರೂ ತಮ್ಮ ಕೈಯಾರೆ ಬರೆದ ಡೈರಿಗೆ. ಏನೂ ಮಾಡದೆ ಸುಮ್ನೆ ಹೆಸರು ಸೇರಿಸಿಕೊಂಡವರು ಡೈರಿಯಲ್ಲಿ ತಾವಾಗಿಯೇ ಕಾಣುತ್ತಾರೆ. ಎರಡೂ ವಿಭಾಗದ ಇಂಟರ್ನಲ್ಸ್ ದಿನಾಂಕಗಳನ್ನು ಒಂದೇ ಕ್ಯಾಲೆಂಡರ್‌ನಲ್ಲಿ ಹಾಕಿ. ವಾರಕ್ಕೆ ಎರಡು ಗಂಟೆಯಾದರೂ ಇಬ್ಬರಿಗೂ ಬಿಡುವಿರುವ ಹೊತ್ತು ಬೇಕು. ಟೈಮ್‌ಟೇಬಲ್‌ನಲ್ಲಿ ಸಿಗದಿದ್ದರೆ ಶನಿವಾರ ಬೆಳಿಗ್ಗೆ ಇದ್ದೇ ಇದೆ.

ವಾಟ್ಸ್‌ಆ್ಯಪ್ ಗ್ರೂಪ್ ಬೇಕು, ಆದರೆ ಅದು ಮಾತಿಗೆ ಮಾತ್ರ. ನಲವತ್ತು ಜನರ ಗ್ರೂಪ್‌ನಲ್ಲಿ ಬೆಳಿಗ್ಗೆ ಮಾಡಿದ ತೀರ್ಮಾನ ಸಂಜೆಗೆ ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಹೂತುಹೋಗಿರುತ್ತದೆ. ಯಾರು, ಏನು, ಯಾವಾಗ, ಫೈಲ್ ಎಲ್ಲಿದೆ, ಈ ನಾಲ್ಕು ಕಾಲಂ ಇರುವ ಒಂದು ಶೀಟ್ ಇಡಿ. ಅದರಲ್ಲಿ ಬರೆದದ್ದು ಮಾತ್ರ ತೀರ್ಮಾನ. ಪ್ರತಿ ತರಗತಿಯಿಂದ ಒಬ್ಬರನ್ನು ಅದಕ್ಕೆ ಹೊಣೆ ಮಾಡಿ. ಜೋರಾಗಿ ಮಾತಾಡುವವರು ಬೇಡ, ಮರೆಯದೆ ಬರೆದಿಡುವವರು ಬೇಕು. ವಿಡಿಯೊವನ್ನು ಮಾಮೂಲಿಯಾಗಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲು ಬಿಡಲೇಬೇಡಿ. ಅದು ಫೈಲನ್ನು ಕುಗ್ಗಿಸಿಬಿಡುತ್ತದೆ, ದೊಡ್ಡ ಪರದೆಯಲ್ಲಿ ಹಾಕಿದಾಗ ಮುಖಗಳೇ ಕಲಸಿಹೋಗುತ್ತವೆ. ಗೂಗಲ್‌ನಲ್ಲಿ ಉಚಿತವಾಗಿ ಸಿಗುವುದು 15 ಜಿಬಿ, ಜಿಮೇಲ್ ಮತ್ತು ಫೋಟೊಗಳೂ ಅದರಲ್ಲೇ ಸೇರುತ್ತವೆ. ಹತ್ತು ತಂಡ ಶೂಟ್ ಮಾಡಿದರೆ ಬೇಗ ತುಂಬುತ್ತದೆ. ಒಂದೇ ಥರದ ಎರಡು ಹಾರ್ಡ್ ಡಿಸ್ಕ್ ತೆಗೆದುಕೊಳ್ಳಿ, ವಿಭಾಗಕ್ಕೊಂದು ಇರಲಿ.

ತಾಂತ್ರಿಕವಾಗಿ ನಮ್ಮನ್ನು ಜಾಸ್ತಿ ಕಾಡಿದ್ದು ಎರಡು ವಿಷಯ.

ಒಂದು, ಕನ್ನಡ ಅಕ್ಷರ. ಇತಿಹಾಸದ ಮಕ್ಕಳು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದರು. ಅವರ ಕಂಪ್ಯೂಟರ್‌ನಲ್ಲಿ ಮುತ್ತಿನಂತೆ ಕಾಣುತ್ತಿದ್ದ ಬರಹ ಎಡಿಟಿಂಗ್ ಟೇಬಲ್‌ಗೆ ಬಂದಾಗ, ಮೇಲೆ ಕೆಳಗೆ ಚುಕ್ಕಿ ಗೆರೆ ಬಿದ್ದ ಇಂಗ್ಲಿಷ್ ಅಕ್ಷರಗಳ ಗುಡ್ಡೆಯಾಗಿತ್ತು. ಪರಿವರ್ತಕ ಬಳಸಿ, ಎಲ್ಲ ಕಂಪ್ಯೂಟರ್‌ನಲ್ಲೂ ಸರಿಯಾಗಿ ಕಾಣುವ ಯೂನಿಕೋಡ್‌ಗೆ ತಂದೆವು. ಆದರೂ ಅಲ್ಲಲ್ಲಿ ಅರ್ಕಾವತ್ತು ಜಾಗ ತಪ್ಪಿತ್ತು, ಸಾಲು ಸಾಲು ತಿದ್ದಬೇಕಾಯಿತು. ಮೊದಲ ದಿನವೇ ಎಲ್ಲರೂ ಯೂನಿಕೋಡ್ ಅಂತ ಹೇಳಿಬಿಡಿ. ಸಬ್‌ಟೈಟಲ್ ಫೈಲನ್ನು ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲೇ ಉಳಿಸಲಿ. ಇನ್ನೊಂದು ಮಾತು. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ಕೂರುವುದುಂಟು. ಪ್ರೀಮಿಯರ್ ಬಳಸುವವರು ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಹಾಕಿಕೊಳ್ಳಬೇಕು. 'ಚನ್ನಪಟ್ಟಣ' ಅಂತ ಒಮ್ಮೆ ಟೈಪ್ ಮಾಡಿ ನೋಡಿ. 'ನ್ನ', 'ಟ್ಟ' ಎರಡೂ ಸರಿ ಕೂತರೆ ಮುಂದುವರಿಯಿರಿ.

ಇನ್ನೊಂದು, ಸದ್ದು. ಗೊಂಬೆಗೆ ಬಣ್ಣ ಕೊಡುವಾಗ ಯಂತ್ರದಲ್ಲಿ ತಿರುಗುತ್ತಿರುವ, ಆಲೆ ಎಂಬ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ. ನೋಡಲು ಅಷ್ಟು ಚೆಂದ. ಆದರೆ ಯಂತ್ರದ ಗುಂಯ್‌ಗುಡುವಿಕೆಯಲ್ಲಿ ಅವರು ಹೇಳುವ ಒಂದು ಮಾತೂ ಕೇಳುವುದಿಲ್ಲ. ಕೆಲಸ ನಡೆಯುವಾಗ ಕೈಯನ್ನು ಮಾತ್ರ ಶೂಟ್ ಮಾಡಿ. ಮಾತನ್ನು ಊಟದ ಬಿಡುವಿನಲ್ಲಿ, ಕಾಲರ್ ಮೈಕ್ ಹಾಕಿ ತೆಗೆದುಕೊಳ್ಳಿ. ಯಂತ್ರದ ಸದ್ದನ್ನೂ ಒಂದು ನಿಮಿಷ ಬೇರೆಯಾಗಿ ರೆಕಾರ್ಡ್ ಮಾಡಿ, ಎಡಿಟಿಂಗ್‌ನಲ್ಲಿ ಬೇಕಾಗುತ್ತದೆ. ಎಲ್ಲ ಫೋನ್, ಕ್ಯಾಮೆರಾಗಳೂ ಸೆಕೆಂಡಿಗೆ 25 ಫ್ರೇಮ್, ಆಡಿಯೊ 48 ಕಿಲೋಹರ್ಟ್ಸ್ ಇರಲಿ. ನಮ್ಮ ಕರೆಂಟ್ 50 ಹರ್ಟ್ಸ್, 25 ಫ್ರೇಮ್‌ಗೆ ಶಟರ್ 1/50 ಸೆಕೆಂಡ್ ಇಟ್ಟರೆ ಟ್ಯೂಬ್‌ಲೈಟ್ ಮಿಣುಕುವುದು ಕಾಣುವುದಿಲ್ಲ.

ಕ್ಯಾಮೆರಾ ಮುಂದೆ ಬರುವ ಊರಿನವರಿಂದ ಪಡೆಯುವ ಒಪ್ಪಿಗೆ ಪತ್ರ ಒಂದೇ ಪುಟ ಇರಲಿ, ಕನ್ನಡದಲ್ಲಿ. ಅದನ್ನು ಓದಿ ಹೇಳಿ, ಆಮೇಲೆ ಸಹಿ. ಹಿನ್ನೆಲೆಗೆ ಸಿನಿಮಾ ಹಾಡು ಬೇಡ. ತಂಡದಲ್ಲಿ ಕೊಳಲೋ ತಬಲವೋ ನುಡಿಸುವವರು ಒಬ್ಬರಾದರೂ ಇದ್ದೇ ಇರುತ್ತಾರೆ.

ಕೊನೆಯದಾಗಿ ಒಂದು ವಾರದ ಮಾತು. ಎರಡನೇ ವರ್ಷ ನಾವು ಸಿದ್ಧವಾದ ವಿಡಿಯೊವನ್ನು ಚನ್ನಪಟ್ಟಣಕ್ಕೆ ತೆಗೆದುಕೊಂಡು ಹೋಗಿ ಅದೇ ಹಿರಿಯರಿಗೆ ಲ್ಯಾಪ್‌ಟಾಪ್‌ನಲ್ಲಿ ತೋರಿಸಿದೆವು. ಅವರು ಕನ್ನಡಕ ಹಾಕಿಕೊಂಡು, ಸ್ಟೂಲನ್ನು ಹತ್ತಿರ ಎಳೆದುಕೊಂಡು ನೋಡಿದರು. ಅರ್ಧಕ್ಕೆ ಕೈ ಎತ್ತಿ ನಿಲ್ಲಿಸಲು ಹೇಳಿದರು. 'ಬಣ್ಣ ಬಳಿಯುತ್ತಾರೆ ಅಂದಿದೀರಲ್ಲ, ಬಳಿಯೋದು ಬ್ರಷ್‌ನಲ್ಲಿ. ಇದು ಅರಗು ಹಿಡಿಸೋದು.' ನಲವತ್ತು ಜನ ಹತ್ತಾರು ಸಲ ಕೇಳಿದ್ದ ಸಾಲು ಅದು, ಒಬ್ಬರಿಗೂ ಹೊಳೆದಿರಲಿಲ್ಲ. ವಾಯ್ಸ್ ಓವರ್ ಮತ್ತೆ ಮಾಡಬೇಕಾಯಿತು. ಸಲ್ಲಿಕೆಗೆ ಉಳಿದಿದ್ದು ಎರಡೇ ದಿನ, ಮಕ್ಕಳು ರಾತ್ರಿ ನಿದ್ದೆಗೆಟ್ಟರು. ನಿಮ್ಮ ಕ್ಯಾಲೆಂಡರ್‌ನಲ್ಲಿ ಸಲ್ಲಿಕೆಗೆ ಮುಂಚಿನ ವಾರವನ್ನು ಇದಕ್ಕೆಂದೇ ಈಗಲೇ ಖಾಲಿ ಬಿಡಿ.