ಲಿವಿಯಾ ಗಂಡನಿಗೆ ವಿಷ ಹಾಕಿದ್ದು ನಿಜವಾ?

ಪ್ರಶ್ನೆ: ರೋಮ್‌ನ ಮೊದಲ ಚಕ್ರವರ್ತಿ ಅಗಸ್ಟಸ್‌ನನ್ನು ಹೆಂಡತಿ ಲಿವಿಯಾಳೇ ಅಂಜೂರಕ್ಕೆ ವಿಷ ಸವರಿ ಕೊಂದಳು ಅಂತಾರೆ. ಇದು ನಿಜವಾ?

ಉತ್ತರ: ನನಗಂತೂ ನಂಬಿಕೆಯಿಲ್ಲ. ಅಗಸ್ಟಸ್ ತೀರಿಕೊಂಡಿದ್ದು ಕ್ರಿ.ಶ. 14ರಲ್ಲಿ, ನೋಲಾ ಎಂಬ ಊರಲ್ಲಿ. ಅಂಜೂರದ ಕಥೆ ಹೇಳುವ ಇತಿಹಾಸಕಾರ ಕ್ಯಾಸಿಯಸ್ ಡಿಯೊ ಬರೆದದ್ದು ಸುಮಾರು 200 ವರ್ಷ ಕಳೆದ ಮೇಲೆ. ಅವನೂ ಅದನ್ನು ಜನರ ಗುಮಾನಿ ಅಂತಲೇ ಹೇಳುತ್ತಾನೆ. ಅವನಿಗಿಂತ ಮೊದಲಿನ ಸ್ವೆಟೋನಿಯಸ್ ಬೇರೆಯೇ ಹೇಳುತ್ತಾನೆ: ಹೊಟ್ಟೆ ಕೆಟ್ಟಿತ್ತು, ಲಿವಿಯಾಳಿಗೆ ಮುತ್ತಿಡುತ್ತಲೇ ಪ್ರಾಣ ಹೋಯಿತು. ಚಕ್ರವರ್ತಿಗೆ ಆಗ ಹೆಚ್ಚುಕಡಿಮೆ 76 ವರ್ಷ.

ಗುಮಾನಿ ಹುಟ್ಟಿದ್ದಕ್ಕೆ ಕಾರಣ ಇದೆ. ಪಟ್ಟಕ್ಕೆ ಬರಬೇಕಿದ್ದ ಮಾರ್ಸೆಲಸ್, ಲೂಸಿಯಸ್, ಗಾಯಸ್ ಒಬ್ಬೊಬ್ಬರಾಗಿ ಸತ್ತರು. ಕೊನೆಗೆ ಪಟ್ಟ ಸಿಕ್ಕಿದ್ದು ಲಿವಿಯಾಳಿಗೆ ಮೊದಲ ಗಂಡನಿಂದ ಹುಟ್ಟಿದ ಮಗ ಟೈಬೀರಿಯಸ್‌ಗೆ. ಆದರೆ ಗಾಯಸ್ ಸತ್ತದ್ದು ಅರ್ಮೇನಿಯಾದಲ್ಲಿ ಆದ ಗಾಯದಿಂದ. ಮಾರ್ಸೆಲಸ್ ಸತ್ತ ಕ್ರಿ.ಪೂ. 23ರಲ್ಲಿ ರೋಮ್‌ನಲ್ಲಿ ಕಾಯಿಲೆ ಹಬ್ಬಿ ತುಂಬಾ ಜನ ಸತ್ತಿದ್ದರು.

ಈ ವಿಷದ ಕಥೆಯ ಮೇಲೆ ನನಗೆ ಸಿಟ್ಟು ಇರುವುದು ಬೇರೆ ಕಾರಣಕ್ಕೆ. ಲಿವಿಯಾ ಅಂದರೆ ಮರೆಯಲ್ಲಿ ನಿಂತು ಸಂಚು ಮಾಡುವವಳು ಅಂತ ಅದು ನಂಬಿಸುತ್ತದೆ. ಆಕೆಯ ಅಧಿಕಾರ ಊರಿಗೆಲ್ಲ ಕಾಣುವಂಥದ್ದು. ಆಗ ರೋಮ್‌ನ ಹೆಂಗಸರು ದೊಡ್ಡ ವ್ಯವಹಾರಕ್ಕೆ ಗಂಡಸೊಬ್ಬನ ಒಪ್ಪಿಗೆ ಪಡೆಯಬೇಕಿತ್ತು. ಕ್ರಿ.ಪೂ. 35ರಲ್ಲಿ ಲಿವಿಯಾಳಿಗೆ ಆ ಕಟ್ಟು ತೆಗೆದುಹಾಕಿದರು. ತನ್ನ ಆಸ್ತಿ ತಾನೇ ನೋಡಿಕೊಂಡಳು. ಆಕೆಯನ್ನು ಅವಮಾನಿಸಿದರೆ ಜನರ ಪ್ರತಿನಿಧಿಯಾದ ಟ್ರಿಬ್ಯೂನ್‌ನನ್ನು ಅವಮಾನಿಸಿದಷ್ಟೇ ದೊಡ್ಡ ಅಪರಾಧವಾಗುತ್ತಿತ್ತು. ಗಂಡ ಸತ್ತಾಗ ಆಸ್ತಿಯಲ್ಲಿ ಮೂರನೇ ಒಂದು ಪಾಲು, ಜೊತೆಗೆ ಜೂಲಿಯಾ ಅಗಸ್ಟಾ ಎಂಬ ಹೊಸ ಹೆಸರು ಬಂತು. ಕ್ರಿ.ಶ. 29ರಲ್ಲಿ ತೀರಿಕೊಳ್ಳುವಾಗ ಆಕೆಗೆ 80 ದಾಟಿತ್ತು. ಮಗ ಟೈಬೀರಿಯಸ್ ಅಂತ್ಯಕ್ರಿಯೆಗೂ ಬರಲಿಲ್ಲ. ಮೊಮ್ಮಗ ಕ್ಲಾಡಿಯಸ್ ಚಕ್ರವರ್ತಿಯಾದ ಮೇಲೆ ಅಜ್ಜಿಯನ್ನು ದೇವತೆಯರ ಸಾಲಿಗೆ ಸೇರಿಸಿದ.

ನನಗೆ ತುಂಬಾ ಇಷ್ಟವಾದ ಸಾಕ್ಷಿ ಈಗಿನ ಟರ್ಕಿಯ ಆಫ್ರೊಡಿಸಿಯಾಸ್‌ನಲ್ಲಿದೆ. ಅಲ್ಲಿನ ರಂಗಮಂದಿರದ ಗೋಡೆಯಲ್ಲಿ ಅಗಸ್ಟಸ್ ಸೇಮೋಸ್ ದ್ವೀಪದವರಿಗೆ ಕಳಿಸಿದ ಉತ್ತರ ಕೆತ್ತಿದೆ. ಅವರು ತಮ್ಮ ಆಡಳಿತ ತಾವೇ ನೋಡಿಕೊಳ್ಳುವ ಸ್ವಾತಂತ್ರ್ಯ ಕೇಳಿದ್ದರು. ನಿಮ್ಮ ಪರವಾಗಿ ಓಡಾಡುತ್ತಿರುವ ನನ್ನ ಹೆಂಡತಿಯ ಮಾತು ನಡೆಸಿಕೊಡುವ ಆಸೆ ನನಗಿದೆ, ಆದರೆ ನನ್ನ ಪದ್ಧತಿ ಮುರಿಯಲಾರೆ ಎಂಬುದು ಅದರ ಸಾರ. ಅಂದರೆ ದ್ವೀಪದ ಜನ ಲಿವಿಯಾಳ ಮೂಲಕ ಚಕ್ರವರ್ತಿಯನ್ನು ಕೇಳಿಸಿದ್ದರು, ಆತನೂ ಅದನ್ನು ಮುಚ್ಚಿಡಲಿಲ್ಲ. ಆಗ ಇಲ್ಲ ಎಂದರೂ, ಕ್ರಿ.ಪೂ. 20ರ ಸುಮಾರಿಗೆ ಸೇಮೋಸ್‌ಗೆ ಆ ಸ್ವಾತಂತ್ರ್ಯ ಸಿಕ್ಕಿಯೂ ಬಿಟ್ಟಿತು.