‘ರೂಢಿ ಆಗೇತಿ’ ಎನ್ನುವವರ ನಿದ್ದೆ ಲೆಕ್ಕ

“ನನಗ ಐದು ತಾಸು ಸಾಕ್ರೀ, ರೂಢಿ ಆಗೇತಿ.” ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮು ಶುರುವಾದರೆ ಟ್ರ್ಯಾಕ್ಟರ್ ಚಾಲಕರು, ಕಾರ್ಖಾನೆಯ ರಾತ್ರಿ ಪಾಳಿಯವರು, ಅಪರಾತ್ರಿ ತ್ರೀ ಫೇಸ್ ಕರೆಂಟಿಗೆ ಕಾದು ನೀರು ಹಾಯಿಸುವ ರೈತರು ಎಲ್ಲರೂ ಹೇಳುವ ಮಾತಿದು. ಆದರೆ ರೂಢಿಯಾಗಿರುವುದು ತೂಕಡಿಕೆಯಷ್ಟೇ. ದಿನಕ್ಕೆ 6 ತಾಸಿನಂತೆ 14 ದಿನ ಮಲಗಿದ ಆರೋಗ್ಯವಂತರ ಗಮನಶಕ್ತಿ ದಿನದಿನಕ್ಕೂ ಕುಸಿದು, ಕೊನೆಗೆ ಒಂದು ರಾತ್ರಿ ಪೂರ್ತಿ ಎದ್ದಿದ್ದವರ ಮಟ್ಟ ಮುಟ್ಟಿದ್ದು 2003ರ ಪ್ರಯೋಗವೊಂದರಲ್ಲಿ ಕಂಡಿತು. ಆದರೆ 6 ತಾಸು ಮಲಗಿದ ಇವರಿಗೆ ‘ಅಷ್ಟೇನೂ ನಿದ್ದೆ ಬರುತ್ತಿಲ್ಲ’ ಅನಿಸುತ್ತಿತ್ತು.

ವಯಸ್ಕರಿಗೆ ಕನಿಷ್ಠ 7 ತಾಸು ಬೇಕು. ಆರು ರಾತ್ರಿ 5 ತಾಸಿನಂತೆ ಮಲಗಿದರೆ ನಿದ್ದೆಯ ಸಾಲ 12 ತಾಸು. ರವಿವಾರ 10 ತಾಸು ಹೊಡೆದರೂ ತೀರುವುದು ಮೂರೇ. ಮೇಲಾಗಿ ಅಂದು ಹನ್ನೊಂದಕ್ಕೆ ಎದ್ದವರಿಗೆ ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ, ಸೋಮವಾರ ಮತ್ತೆ ಸಾಲ.

ಮೊದಲು ಕೈಕೊಡುವುದು ಗಮನ. ಕಣ್ಣು ತೆರೆದಿದ್ದರೂ ಮೆದುಳು ಮೂರು-ನಾಲ್ಕು ಸೆಕೆಂಡು ಮಲಗಿಬಿಡಬಹುದು. 25 ಕಿ.ಮೀ. ವೇಗದ ಟ್ರ್ಯಾಕ್ಟರ್ 4 ಸೆಕೆಂಡಿನಲ್ಲಿ ಸುಮಾರು 28 ಮೀಟರ್ ಹೋಗಿರುತ್ತದೆ, ಹಿಂದೆ ಎರಡು ಟ್ರೇಲರ್ ಕಬ್ಬಿನ ಸಮೇತ. ಬೆಳಿಗ್ಗೆ 6ಕ್ಕೆ ಎದ್ದವನು ರಾತ್ರಿ 11ಕ್ಕೆ, ಅಂದರೆ 17 ತಾಸಿನ ಬಳಿಕ, ರಕ್ತದ 100 ಮಿ.ಲೀ.ಗೆ 50 ಮಿ.ಗ್ರಾಂ ಮದ್ಯ ಇದ್ದವನಷ್ಟು ಮಂದವಾಗಿರಬಹುದು. ಕಾನೂನಿನ ಮಿತಿ 30. ಆದರೆ ನಿದ್ದೆಗೇಡನ್ನು ಊದಿಸಿ ನೋಡುವ ಯಂತ್ರ ಯಾರ ಹತ್ತಿರವೂ ಇಲ್ಲ.

ಸಕ್ಕರೆ ಕಾಯಿಲೆಯವರು ಇನ್ನೂ ಎಚ್ಚರಿರಬೇಕು. ನಿದ್ದೆಗೆಟ್ಟ ದೇಹದಲ್ಲಿ ಇನ್ಸುಲಿನ್ ಸರಿಯಾಗಿ ನಾಟುವುದಿಲ್ಲ, ಹಸಿವು ಹೆಚ್ಚುತ್ತದೆ, ರಾತ್ರಿ ಇಳಿಯಬೇಕಾದ ಬಿಪಿ ಸಾಕಷ್ಟು ಇಳಿಯುವುದಿಲ್ಲ. ಹಂಗಾಮಿನಲ್ಲಿ ಬೆಳಗಿನ ಶುಗರ್ ಏರಿದ್ದರೆ ಗುಳಿಗೆ ಹೆಚ್ಚಿಸುವ ಮೊದಲು ಎಷ್ಟು ಮಲಗುತ್ತಿದ್ದೀರಿ ಎಂದು ಕೇಳುವುದೇ ಸರಿಯಾದ ಕ್ರಮ. ಹೆಚ್ಚಿನ ಕಡೆ ಈ ಪ್ರಶ್ನೆ ಬರುವುದೇ ಇಲ್ಲ.

ಪಾಳಿ ಬದಲಿಸುವುದು ನಿಮ್ಮ ಕೈಯಲ್ಲಿಲ್ಲ, ಸರಿ. ನಿದ್ದೆಯನ್ನು ಎರಡು ತುಂಡು ಮಾಡಿಕೊಳ್ಳಿ. ರಾತ್ರಿ ಕೆಲಸಕ್ಕೆ ಹೊರಡುವ ಮೊದಲು ಒಂದೂವರೆ ತಾಸು. ಬಂದ ಮೇಲೆ ಹಗುರಾಗಿ ತಿಂದು ಕೂಡಲೇ ಉಳಿದದ್ದು. ವಿಜಯಪುರದ ಏಪ್ರಿಲ್-ಮೇ ಬಿಸಿಲಿಗೆ ತಗಡಿನ ಮನೆ ಮಧ್ಯಾಹ್ನ ಮಲಗಲು ಬಿಡುವುದಿಲ್ಲ. ಹಾಗಾಗಿ ಬೆಳಿಗ್ಗೆ ಹರಟೆ, ಮೊಬೈಲ್ ಬಿಟ್ಟು, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ, ಹನ್ನೆರಡರೊಳಗೆ ಎಷ್ಟು ಸಿಗುತ್ತದೋ ಅಷ್ಟು ಮಲಗಿಬಿಡಿ.

ನಸುಕಿನ 3ರಿಂದ 5 ಅತಿ ಅಪಾಯದ ಹೊತ್ತು. ಆಗ ಗಾಡಿ ಬದಿಗೆ ಹಚ್ಚಿ, ಒಂದು ಕಪ್ ಚಹಾ ಕುಡಿದು, 20 ನಿಮಿಷದ ಅಲಾರಾಂ ಇಟ್ಟು ಮಲಗಿ. ಚಹಾದ ಕೆಫೀನ್ ಏರಲು ಅಷ್ಟೇ ಹೊತ್ತು ಬೇಕು, ಏಳುವಾಗ ಎರಡೂ ಕೂಡಿ ಕೆಲಸ ಮಾಡುತ್ತವೆ. ಅರ್ಧ ತಾಸು ದಾಟಿದರೆ ಗಾಢ ನಿದ್ದೆಗೆ ಜಾರಿ, ಎದ್ದಾಗ ತಲೆ ಮಂಕಾಗುತ್ತದೆ. ಎದ್ದ ಮೇಲೂ 15 ನಿಮಿಷ ಸ್ಟೇರಿಂಗ್, ಮೋಟರಿನ ಸ್ಟಾರ್ಟರ್ ಮುಟ್ಟಬೇಡಿ. ಈ ಒಂದು ಕಪ್ ಬಿಟ್ಟರೆ, ಮಲಗುವ 6 ತಾಸು ಮೊದಲೇ ಕೊನೆಯ ಚಹಾ ಮುಗಿದಿರಲಿ. ಗುಟ್ಕಾ ನಿದ್ದೆ ತೀರಿಸುವುದಿಲ್ಲ, ನಿದ್ದೆ ಬಂದದ್ದನ್ನು ಮುಚ್ಚುತ್ತದೆ.

ಹಂಗಾಮು ಮುಗಿದ ಮೇಲೆ ಎರಡು ವಾರ ದಿನಾ ಒಂದು ತಾಸು ಬೇಗ ಮಲಗಿ. ಅಷ್ಟಾದ ಮೇಲೆ ಅಲಾರಾಂ ಇಲ್ಲದೆ ಎಷ್ಟು ತಾಸಿಗೆ ಎಚ್ಚರವಾಗುತ್ತದೋ ಅದೇ ನಿಮ್ಮ ನಿಜವಾದ ಅಗತ್ಯ. ಎಂಟು ತಾಸು ಮಲಗಿಯೂ ಹಗಲು ತೂಕಡಿಸಿದರೆ, ಜೋರು ಗೊರಕೆಯ ನಡುವೆ ಉಸಿರು ನಿಲ್ಲುತ್ತದೆ ಎಂದು ಮನೆಯವರು ಹೇಳಿದರೆ, ಅದು ಸಾಲವಲ್ಲ. ಉಸಿರುಕಟ್ಟುವ ಸ್ಲೀಪ್ ಅಪ್ನಿಯಾ ಇರಬಹುದು. ಅದಕ್ಕೆ ಮಲಗಿದಾಗಿನ ಉಸಿರಾಟ ಅಳೆಯುವ ಸ್ಲೀಪ್ ಸ್ಟಡಿ ಪರೀಕ್ಷೆ ಮಾಡಿಸಬೇಕು.